ಕೂಳೂರಿನ ಹನ್ನೆರಡು ಮಂದಿ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಗರುಡಗಂಬವಿದೆ. ಗೋಡೆಯ ಶಿಲ್ಪಗಳಿಗೆ ಮನಸೋತು ಬಂದವರು ಹೆಚ್ಚಾಗಿ ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಕಂಬದ ನಡುಸುತ್ತಿನಲ್ಲಿ ಆಯುಧ ಹಿಡಿದ ಗಂಡಸರ ಸಾಲು. ಕೆಲವರು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿದ್ದಾರೆ. ಅವರು ಯಾರೆಂಬುದನ್ನು ಕಂಬದ ಕನ್ನಡ ಶಾಸನವೇ ಹೇಳುತ್ತದೆ. ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ದೊರೆಯ ಜೊತೆಗೇ ಪ್ರಾಣ ಬಿಡುವುದಾಗಿ ಭಾಷೆ ಕೊಟ್ಟವನು. ಸುಮಾರು 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಸಾವಿರ ಯೋಧರೊಂದಿಗೆ ಆ ಭಾಷೆ ನಡೆಸಿಕೊಟ್ಟ. ಎಂಟುನೂರು ವರ್ಷ ಕಳೆದರೂ ಅವನು ಯಾರ ಆಳು, ಯಾರ ಗಂಡ, ಯಾಕೆ ಸತ್ತ ಎಂಬುದು ನಮಗೆ ಗೊತ್ತಿದೆ.

ಅರಸೀಕೆರೆ, ಬೇಲೂರು ಸೀಮೆಯ ಊರುಗಳಲ್ಲಿ ಸಾಮಾನ್ಯ ಜನರ ಸಾವಿಗೂ ಕಲ್ಲು ನಿಲ್ಲಿಸುತ್ತಿದ್ದರು. ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ, ಗುಡಿಯ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳ ಕೆಳಪಟ್ಟಿಯಲ್ಲಿ ಹೋರಾಟ, ನಡುಪಟ್ಟಿಯಲ್ಲಿ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಬರಹವಿರುವ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಇಂಥವನ ಮಗ ಇಂಥವನು ತುರುಗಳನ್ನು ಮರಳಿಸಿ ಸತ್ತ, ಇಂಥವರು ಈ ಕಲ್ಲು ನಿಲ್ಲಿಸಿದರು. ನಿಲ್ಲಿಸಿದವನು ತಮ್ಮನೋ ಮಗನೋ ಆಗಿರುತ್ತಾನೆ. ಮಂಡ್ಯ ಸೀಮೆಯ ಆತಕೂರಿನಲ್ಲಿ 949-50ರ ಸುಮಾರಿಗೆ ಹಂದಿಯೊಡನೆ ಕಾದಾಡಿ ಸತ್ತ ನಾಯಿಗೂ ಕಲ್ಲು ಹಾಕಿಸಿ, ಕಾಳಿ ಎಂಬ ಅದರ ಹೆಸರನ್ನೂ ಬರೆಸಿದರು. ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದ ಪುಟ ತಿರುವಿದರೆ, ದೊರೆಗಳ ವಂಶಾವಳಿಯ ನಡುವೆ ಇಂಥ ಗೌಡರ, ಬಂಟರ, ಬೇಡರ ಹೆಸರುಗಳೂ ಸಾಲುಗಟ್ಟಿವೆ. ಬರಹವಿಲ್ಲದ ಕಲ್ಲುಗಳೂ ಬೇಕಾದಷ್ಟಿವೆ. ಆ ವೀರರ ಹೆಸರು ಅವರನ್ನು ಬಲ್ಲ ಕೊನೆಯ ಮನುಷ್ಯನ ಜೊತೆಗೇ ಹೋಯಿತು.

ಈ ಎರಡು ಬಗೆಯ ಕಲ್ಲುಗಳ ನಡುವಿನ ವ್ಯತ್ಯಾಸವೇ ಈ ಲೇಖನದ ವಿಷಯ. ಸತ್ತವನ ಹೆಸರು ಅವನ ಮೈಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದು ಇರುವುದು ಬದುಕಿರುವ ನೆಂಟರಲ್ಲಿ. ವಿಜ್ಞಾನ ಎಷ್ಟು ಮುಂದೆ ಹೋದರೂ ಇದು ಬದಲಾಗಿಲ್ಲ ಎಂಬುದನ್ನು ನಮ್ಮ ರಾಜ್ಯ 2010ರ ಮೇ ತಿಂಗಳಲ್ಲಿ ಬಹಳ ನೋವಿನಿಂದ ಕಂಡುಕೊಂಡಿತು.

ಅರಸೀಕೆರೆ ಜಂಕ್ಷನ್ನಿನಿಂದ ಒಂದು ಹಳಿ ಹುಬ್ಬಳ್ಳಿಗೆ, ಇನ್ನೊಂದು ಹಾಸನದ ಮೇಲೆ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತದೆ. ಆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. ರನ್‌ವೇ ಮುಗಿದ ಕಡೆ ನೆಲವೂ ಮುಗಿಯುತ್ತದೆ. 2010ರ ಮೇ 22, ಶನಿವಾರ, ಬೆಳಗಿನ ಆರು ಗಂಟೆ. ದುಬೈಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೆಯ ವಿಮಾನ ಇಳಿಯಲು ಬಂತು. ಒಳಗೆ 160 ಪ್ರಯಾಣಿಕರು, 6 ಸಿಬ್ಬಂದಿ. ಬೇಸಿಗೆ ರಜೆಗೆ, ಮದುವೆಗೆ, ಮನೆಯಲ್ಲಿ ಕಾದಿದ್ದ ಸಾವಿಗೆ ಸೂತಕಕ್ಕೆ ಎಂದು ಊರಿಗೆ ಹೊರಟವರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಕಣ್ಣೂರಿನ ಮನೆಗಳ ಮಕ್ಕಳು. ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಮತ್ತೊಂದು ಸುತ್ತು ಹೊಡೆಯೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ವಿಮಾನ ತುದಿ ದಾಟಿ ಆಂಟೆನಾದ ಕಾಂಕ್ರೀಟ್ ಕಟ್ಟಡಕ್ಕೆ ರೆಕ್ಕೆ ಬಡಿದು, ಕೆಂಜಾರಿನ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಬದುಕಿ ಹೊರಬಂದವರು 8 ಜನ. ಸತ್ತವರು 158. ಕ್ಯಾಪ್ಟನ್ ಆ ಪ್ರಯಾಣದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆಯಲ್ಲಿದ್ದರೆಂಬುದನ್ನೂ ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ವಿಚಾರಣಾ ಮಂಡಳಿ ಮುಂದೆ ದಾಖಲಿಸಿತು.

ಅಪಘಾತದ ಈ ಭಾಗ ಎಲ್ಲರಿಗೂ ನೆನಪಿದೆ. ಅದರ ನಂತರದ ಐದು ದಿನ ಅಷ್ಟಾಗಿ ನೆನಪಿಲ್ಲ.

ಕಣಿವೆಗೆ ಮೊದಲು ಇಳಿದವರು ಸುತ್ತಲಿನ ಊರಿನ ಜನ. ಮೇಲಕ್ಕೆ ಹೊತ್ತು ತಂದ ದೇಹಗಳನ್ನು ವೆನ್ಲಾಕ್ ಮತ್ತಿತರ ಆಸ್ಪತ್ರೆಗಳಿಗೆ ಸಾಗಿಸಿದರು. ಬೆಂಕಿ ಎಷ್ಟೋ ಮುಖಗಳನ್ನು ಉಳಿಸಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಲು ಬಂದವರು ಅಲ್ಲಿಂದಲೇ ಶವಾಗಾರಕ್ಕೆ ಬಂದರು. ಕೈಗಡಿಯಾರ, ಕರಿಮಣಿ, ಬೆಲ್ಟಿನ ಬಕಲು, ಬಳೆ, ಅಂಗಿಯ ತುಂಡು, ಜೇಬಿನಲ್ಲಿ ಉಳಿದ ಅರ್ಧ ಸುಟ್ಟ ಕಾಗದ – ಗುರುತು ಹಿಡಿಯಲು ಇದ್ದದ್ದು ಇಷ್ಟೇ. ಮೇ ತಿಂಗಳ ಕರಾವಳಿಯ ಸೆಕೆ. ಹೊತ್ತು ಮುಳುಗುವುದರೊಳಗೆ ದಫನ ಮಾಡಬೇಕೆನ್ನುವ ಮನೆಗಳು, ಹೆಣ ಮನೆಯ ಮುಂದೆ ಬರುವ ತನಕ ಒಲೆ ಹಚ್ಚದ ಮನೆಗಳು. ಎಂಟು ಹತ್ತು ಸಾಲು ದೇಹಗಳ ನಡುವೆ ಅಳುತ್ತಾ ನಡೆಯುವ ತಂದೆಗೆ ‘ಇವನೇ’ ಅನ್ನಿಸಿಬಿಟ್ಟರೆ, ನೀವು ತಪ್ಪಿರಬಹುದು, ಇನ್ನೂ ಐದು ದಿನ ಕಾಯಿರಿ ಎಂದು ಹೇಳುವ ಎದೆಗಾರಿಕೆ ಯಾವ ಅಧಿಕಾರಿಗೆ ಬಂದೀತು? ಹಾಗೆ 136 ದೇಹಗಳು ಮನೆ ಸೇರಿದವು. 22 ಉಳಿದವು.

ಉಳಿದ 22 ದೇಹಗಳಿಂದ ತುಣುಕುಗಳನ್ನು, ತಮ್ಮವರು ಸಿಗದ ಮನೆಯವರಿಂದ ರಕ್ತವನ್ನು ತೆಗೆದು ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರಕ್ಕೆ, ಎಲ್ಲರೂ ಸಿಡಿಎಫ್‌ಡಿ ಎನ್ನುವ ಸಂಸ್ಥೆಗೆ, ಕಳಿಸಿದರು. ಅಲ್ಲಿನ ವಿಜ್ಞಾನಿಗಳು ಹಗಲಿರುಳು ಕೂತು ಕೆಲವೇ ದಿನಗಳಲ್ಲಿ ಫಲಿತಾಂಶ ಕೊಟ್ಟರು. 10 ದೇಹಗಳಿಗೆ ಮನೆ ಸಿಕ್ಕಿತು. 12 ದೇಹಗಳ ಡಿಎನ್‌ಎ, ರಕ್ತ ಕೊಟ್ಟ ಯಾರಿಗೂ ಹೊಂದಲಿಲ್ಲ.

ಇದರ ಅರ್ಥ ಹೊಳೆದಾಗ ಎದೆ ನಡುಗುತ್ತದೆ. ವಿಮಾನದಲ್ಲಿದ್ದವರ ಪಟ್ಟಿ ಕೈಯಲ್ಲೇ ಇತ್ತು. 158 ಹೆಸರು, 158 ದೇಹ. ಆ ಹನ್ನೆರಡು ಮಂದಿಯ ನೆಂಟರು ರಕ್ತ ಕೊಟ್ಟವರ ಸಾಲಿನಲ್ಲಿರಲಿಲ್ಲ ಎಂದರೆ, ಅವರು ಅದಾಗಲೇ ಬೇರೆ ಯಾರದೋ ದೇಹವನ್ನು ತಮ್ಮದೆಂದು ಒಯ್ದು, ಮಣ್ಣು ಮಾಡಿ, ಸುಟ್ಟು, ಉತ್ತರಕ್ರಿಯೆಗೆ ತೊಡಗಿದ್ದರು. ಇತ್ತ ರಕ್ತ ಕೊಟ್ಟು ಕಾದಿದ್ದ ಮನೆಯವರಿಗೆ ಬರಬೇಕಿದ್ದ ದೇಹಗಳು ಆ ಮನೆಗಳ ಚಿತೆಯಲ್ಲಿ, ಖಬರಿನಲ್ಲಿ ಸೇರಿಹೋಗಿದ್ದವು. ಒಪ್ಪಿಸಿ ಆದದ್ದನ್ನು ಹಿಂದಕ್ಕೆ ತೆಗೆಯುವ ದಾರಿ ಯಾರಿಗೂ ಕಾಣಲಿಲ್ಲ. ಮೇ 27ರಂದು ಹನ್ನೆರಡು ದೇಹಗಳನ್ನು ಮಂಗಳೂರಿನ ಹೊರವಲಯದ ಕೂಳೂರಿನಲ್ಲಿ, ಫಲ್ಗುಣಿ ನದಿಯ ದಂಡೆಯಲ್ಲಿ, ಸರ್ವಧರ್ಮದ ಪ್ರಾರ್ಥನೆಯೊಂದಿಗೆ ಒಟ್ಟಿಗೆ ಮಣ್ಣು ಮಾಡಿದರು. ಯಾರು ಯಾವ ಧರ್ಮದವರೆಂದು ಗೊತ್ತಿಲ್ಲದ ಮೇಲೆ ಎಲ್ಲರಿಗೂ ಎಲ್ಲ ಪ್ರಾರ್ಥನೆ. ಅದೊಂದು ಒಳ್ಳೆಯ ನಡೆ ಎಂದೇ ನನ್ನ ಭಾವನೆ. ಪ್ರತಿವರ್ಷ ಮೇ 22ರಂದು ಜಿಲ್ಲಾಡಳಿತ ಅಲ್ಲಿ ಹೂವಿಟ್ಟು ಬರುತ್ತದೆ.

ಹೈದರಾಬಾದಿನ ಪರೀಕ್ಷೆಗೆ ಏನು ಸಾಧ್ಯವಿತ್ತು, ಏನು ಸಾಧ್ಯವಿರಲಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರಿಸ್ 1984ರಲ್ಲಿ ಡಿಎನ್‌ಎ ಬೆರಳಚ್ಚನ್ನು ಕಂಡುಕೊಂಡರು. ಅದೇ ದಶಕದ ಕೊನೆಗೆ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಲಾಲ್‌ಜಿ ಸಿಂಗ್ ಭಾರತದ್ದೇ ಆದ ವಿಧಾನ ಕಟ್ಟಿದರು. ಉತ್ತರ ಪ್ರದೇಶದ ಹಳ್ಳಿಯೊಂದರಿಂದ ಬಂದ ಅವರು ಕಟ್ಟುಹಾವಿನ ಜಾತಿಯ ಒಂದು ವಿಷಸರ್ಪದ ಡಿಎನ್‌ಎಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಆ ಹಾವಿನಿಂದ ದೊರೆತ ತುಣುಕೇ ಮನುಷ್ಯರ ಗುರುತು ಹಿಡಿಯುವ ಸಾಧನವಾಯಿತು. ಅದು ಮೊದಲು ನ್ಯಾಯಾಲಯ ಕಂಡದ್ದು 1989ರಲ್ಲಿ, ಮಗುವಿನ ತಂದೆ ಯಾರೆಂಬ ಮೊಕದ್ದಮೆಯಲ್ಲಿ, ಕಾಸರಗೋಡಿನಿಂದ ತೆಂಕಣಕ್ಕೆ ಸ್ವಲ್ಪ ದೂರದ ತಲಶ್ಶೇರಿಯಲ್ಲಿ. ಇಪ್ಪತ್ತೊಂದು ವರ್ಷದ ಮೇಲೆ ಅದೇ ಕಣ್ಣೂರು ಜಿಲ್ಲೆಯ ಜನ ತಮ್ಮವರ ದೇಹಕ್ಕಾಗಿ ಅದೇ ಹೈದರಾಬಾದಿನ ಕಡೆ ನೋಡಬೇಕಾಯಿತು.

ಆಗ ಬಳಕೆಯಲ್ಲಿದ್ದ, ಈಗಲೂ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ನಡೆಯುವ ಪರೀಕ್ಷೆ ಡಿಎನ್‌ಎಯ ಹದಿನೈದು ಇಪ್ಪತ್ತು ಜಾಗಗಳನ್ನು ಮಾತ್ರ ನೋಡುತ್ತದೆ. ತಂದೆ, ತಾಯಿ, ಮಕ್ಕಳು ಎದುರಿಗಿದ್ದರೆ ಅದು ಕಲ್ಲಿನ ಮೇಲೆ ಬರೆದಂತೆ ಖಚಿತ. ಒಡಹುಟ್ಟಿದವರಿದ್ದರೂ ನಡೆಯುತ್ತದೆ. ದೊಡ್ಡಪ್ಪನ ಮಗ, ಅಜ್ಜಿಯ ತಂಗಿಯ ಮೊಮ್ಮಗಳು ಎಂದರೆ ಅದರ ಕಣ್ಣು ಮಂಜಾಗುತ್ತದೆ. ಇನ್ನೂ ಮುಖ್ಯವಾದದ್ದು: ಸತ್ತವನು ಇಂಥ ಮನೆಯವನಿರಬಹುದು ಎಂಬ ಊಹೆ ಮೊದಲು ಇರಬೇಕು. ಯಾರನ್ನು ಕರೆದು ರಕ್ತ ತೆಗೆಯಬೇಕು ಎಂಬುದನ್ನು ಪರೀಕ್ಷೆ ಹೇಳುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು ವಂಶವೃಕ್ಷ ಕಟ್ಟುವ ಹವ್ಯಾಸಿಗಳು. ಅಮೆರಿಕದಲ್ಲಿ ತಮ್ಮ ಪೂರ್ವಿಕರು ಯಾರೆಂದು ತಿಳಿಯಲು ಲಕ್ಷಾಂತರ ಜನ ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿಕೊಳ್ಳತೊಡಗಿದರು. ಈ ಪರೀಕ್ಷೆ ನೋಡುವುದು ಆರೇಳು ಲಕ್ಷ ಜಾಗಗಳನ್ನು. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಲ್ಲಿ ಸರಾಸರಿ ನೂರಕ್ಕೆ ಹನ್ನೆರಡೂವರೆ ಪಾಲು, ಒಂದೇ ಮುತ್ತಜ್ಜ-ಮುತ್ತಜ್ಜಿಯ ಮರಿಮಕ್ಕಳಲ್ಲಿ ಸುಮಾರು ಮೂರು ಪಾಲು, ಅದಕ್ಕೂ ಒಂದು ತಲೆಮಾರು ಹಿಂದಕ್ಕೆ ಹೋದರೆ ಒಂದು ಪಾಲಿಗಿಂತ ಕಡಿಮೆ ಡಿಎನ್‌ಎ ಒಂದೇ ಆಗಿರುತ್ತದೆ. ಅಷ್ಟು ಸಣ್ಣ ಹೊಂದಿಕೆಯನ್ನೂ ಇದು ಹಿಡಿಯುತ್ತದೆ. ಹೆಸರಿಲ್ಲದ ಹೆಣದ ಡಿಎನ್‌ಎಯನ್ನು ಆ ದೊಡ್ಡ ಸಂಗ್ರಹದಲ್ಲಿ ಹುಡುಕಿದರೆ ದೂರದ ನೆಂಟರು ಕೆಲವರು ಸಿಗುತ್ತಾರೆ. ಅವರ ಅಜ್ಜ, ಮುತ್ತಜ್ಜ ಎಂದು ಚರ್ಚಿನ ದಾಖಲೆ, ಜನಗಣತಿ, ಮದುವೆ ಪುಸ್ತಕ ಹಿಡಿದು ಮೇಲಕ್ಕೆ ಹತ್ತಬೇಕು. ಎಲ್ಲರ ಬಳ್ಳಿಗಳೂ ಕೂಡುವ ದಂಪತಿ ಸಿಕ್ಕ ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಎಂದು ಕೆಳಕ್ಕೆ ಇಳಿಯಬೇಕು. ಎಲ್ಲಿಯೂ ಸಾವಿನ ದಾಖಲೆಯಿಲ್ಲದ, ಇದ್ದಕ್ಕಿದ್ದಂತೆ ಕಾಣದಾದ ಒಬ್ಬ ವ್ಯಕ್ತಿಯ ಬಳಿ ಬಂದು ಅದು ನಿಲ್ಲುತ್ತದೆ. ಆಮೇಲೆ ಹತ್ತಿರದ ನೆಂಟರ ರಕ್ತ ತೆಗೆದು ಹಳೆಯ ವಿಧಾನದಲ್ಲೇ ಖಚಿತಪಡಿಸಿಕೊಳ್ಳುತ್ತಾರೆ.

ಕಾಲಿನ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಮಾರ್ಗರೆಟ್ ಪ್ರೆಸ್ ಎಂಬ ಇಬ್ಬರು ಮಹಿಳೆಯರು 2017ರಲ್ಲಿ ಈ ಕೆಲಸಕ್ಕಾಗಿಯೇ ಡಿಎನ್‌ಎ ಡೋ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿದರು. ಮರುವರ್ಷ ಏಪ್ರಿಲ್‌ನಲ್ಲಿ ಅವರಿಗೆ ದೊಡ್ಡ ಯಶಸ್ಸು ದಕ್ಕಿತು. 1981ರಲ್ಲಿ ಒಹಾಯೋದ ರಸ್ತೆಬದಿಯ ಹಳ್ಳದಲ್ಲಿ ಸಿಕ್ಕಿದ್ದ ಯುವತಿಯ ಶವಕ್ಕೆ ಮೂವತ್ತೇಳು ವರ್ಷದ ಮೇಲೆ ಹೆಸರು ಬಂತು. ಪೊಲೀಸರು ಅಷ್ಟೂ ವರ್ಷ ಅವಳನ್ನು ತೊಟ್ಟಿದ್ದ ಜಿಂಕೆ ಚರ್ಮದ ಜಾಕೆಟ್ಟಿನಿಂದ ಕರೆಯುತ್ತಿದ್ದರು. ವರದಿಗಳಲ್ಲಿ ಬಂದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ: ಅರ್ಕಾನ್ಸಾದಲ್ಲಿದ್ದ ಅವಳ ತಾಯಿ ಮನೆ ಬದಲಾಯಿಸಿರಲಿಲ್ಲ, ಫೋನ್ ನಂಬರನ್ನೂ ಬದಲಾಯಿಸಿರಲಿಲ್ಲ, ಮಗಳು ಎಂದಾದರೂ ಕರೆ ಮಾಡಿಯಾಳೆಂದು. 2022ರಲ್ಲಿ ಆಸ್ಟ್ರೇಲಿಯದ ಪ್ರಾಧ್ಯಾಪಕ ಡೆರೆಕ್ ಅಬಾಟ್, ಅದೇ ಫಿಟ್ಜ್‌ಪ್ಯಾಟ್ರಿಕ್ ನೆರವಿನಿಂದ, 1948ರಲ್ಲಿ ಅಡಿಲೇಡ್ ಬಳಿಯ ಕಡಲತೀರದಲ್ಲಿ ಸತ್ತು ಬಿದ್ದಿದ್ದ ‘ಸಾಮರ್ಟನ್ ಮನುಷ್ಯ’ ಮೆಲ್ಬರ್ನಿನ ಕಾರ್ಲ್ ವೆಬ್ ಎಂದು ಘೋಷಿಸಿದರು. ಶವದ ಮುಖಕ್ಕೆ ಗಾರೆಯ ಅಚ್ಚು ತೆಗೆದಾಗ ಅದರಲ್ಲಿ ಅಂಟಿಕೊಂಡಿದ್ದ ಕೂದಲೇ ಅದಕ್ಕೆ ಸಾಕಾಯಿತು. ಕಟ್ಟಿದ ವಂಶವೃಕ್ಷದಲ್ಲಿ ಸುಮಾರು 4,000 ಜನರಿದ್ದರು.

ಹಾಗಾದರೆ ನಮ್ಮಲ್ಲಿ? ಅರಸೀಕೆರೆಯಲ್ಲಿ ರೈಲ್ವೆ ಪೊಲೀಸ್ ಠಾಣೆಯಿದೆ. ಇಂಥ ಠಾಣೆಗಳಿಂದ ಪತ್ರಿಕೆಗಳ ಒಳಪುಟಕ್ಕೆ ನಾಲ್ಕು ಸಾಲಿನ ಪ್ರಕಟಣೆ ಬರುತ್ತಲೇ ಇರುತ್ತದೆ: ಅಪರಿಚಿತ ಗಂಡಸು, ಸುಮಾರು 45 ವರ್ಷ, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಬಲಗೈ ಮೇಲೆ ಹಚ್ಚೆ, ನೀಲಿ ಗೆರೆಯ ಅಂಗಿ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು. ಕೆಲವು ದಿನ ಶವಾಗಾರದಲ್ಲಿಟ್ಟು, ಯಾರೂ ಬರದಿದ್ದರೆ ಮಣ್ಣು ಮಾಡುತ್ತಾರೆ. ಬಿಹಾರದಿಂದ ಕಾಫಿ ತೋಟದ ಕೂಲಿಗೆ ಬಂದವನೋ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವನೋ, ಯಾರಿಗೆ ಗೊತ್ತು. ಅವನ ಡಿಎನ್‌ಎಯನ್ನು ಆ ಅಮೆರಿಕದ ಸಂಗ್ರಹದಲ್ಲಿ ಹುಡುಕಿದರೆ ಪ್ರಯೋಜನ ಕಡಿಮೆ, ಅಲ್ಲಿರುವವರು ಬಹುಪಾಲು ಯುರೋಪು ಮೂಲದವರು. ಡೆಟ್ರಾಯ್ಟಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡದವರು ಕುತೂಹಲಕ್ಕೆ ಪರೀಕ್ಷೆ ಮಾಡಿಸಿಕೊಂಡಿದ್ದಾರೆ, ನಿಜ. ಆದರೆ ಹಳಿಯ ಮೇಲೆ ಹೆಸರಿಲ್ಲದೆ ಸಾಯುವವರ ನೆಂಟರು ಹೆಚ್ಚಾಗಿ ಅಲ್ಲಿಗೆ ಹೋದವರಲ್ಲ.

ಸಂಗ್ರಹವೇ ಇದ್ದರೂ ನಮ್ಮ ಮನೆಗಳ ವಂಶವೃಕ್ಷ ಬಿಳಿಯರ ವೃಕ್ಷದಂತೆ ಕವಲೊಡೆದು ದೂರವಾಗುತ್ತಾ ಹೋಗುವುದಿಲ್ಲ. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರಮಾವನ ಮಗನಿಗೆ ಕೊಡುವುದು ಹಾಸನ, ಮಂಡ್ಯ, ತುಮಕೂರು ಕಡೆ ನಿನ್ನೆ ಮೊನ್ನೆಯ ತನಕ ಸಹಜ ಸಂಗತಿ, ಈಗಲೂ ನಿಂತಿಲ್ಲ. ಅಕ್ಕನ ಮಗಳನ್ನು ಕಟ್ಟಿಕೊಂಡವನಿಗೆ ಹುಟ್ಟಿದ ಮಗುವಿಗೆ ತಾಯಿಯ ತಾಯಿ ಅಜ್ಜಿಯೂ ಹೌದು, ತಂದೆಯ ಅಕ್ಕನಾದ್ದರಿಂದ ಅತ್ತೆಯೂ ಹೌದು. ತಾಯಿಯ ಕಡೆಯಿಂದ ಕಾಲುಪಾಲು, ತಂದೆಯ ಕಡೆಯಿಂದ ಕಾಲುಪಾಲು ಸೇರಿ ಆ ಅಜ್ಜಿ ಡಿಎನ್‌ಎ ಲೆಕ್ಕದಲ್ಲಿ ಹೆತ್ತ ತಾಯಿಯಷ್ಟೇ ಹತ್ತಿರ ಬಂದು ಕೂರುತ್ತಾಳೆ. ಹತ್ತಾರು ತಲೆಮಾರು ಒಂದೇ ಜಾತಿ, ಒಂದೇ ಒಳಪಂಗಡದೊಳಗೆ ಕೊಟ್ಟು ತಂದವರಲ್ಲಿ ಯಾವ ಇಬ್ಬರನ್ನು ತೆಗೆದುಕೊಂಡರೂ ಅವರು ನಿಜಕ್ಕಿಂತ ಹತ್ತಿರದ ನೆಂಟರಂತೆ ಕಾಣುತ್ತಾರೆ. ಲಾಲ್‌ಜಿ ಸಿಂಗ್, ಸಿಸಿಎಂಬಿಯ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಶ್ ಮೊದಲಾದವರು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇದನ್ನೇ ತೋರಿಸಿತು: ಭಾರತದ ಎಷ್ಟೋ ಗುಂಪುಗಳು ಕೆಲವೇ ಪೂರ್ವಿಕರಿಂದ ಬೆಳೆದು, ಬಹಳ ಕಾಲದಿಂದ ಒಳಗೇ ಮದುವೆಯಾಗುತ್ತಾ ಬಂದಿವೆ. ಅಮೆರಿಕದ ಲೆಕ್ಕದ ಕೋಷ್ಟಕವನ್ನು ಹಾಗೆಯೇ ತಂದು ಅರಸೀಕೆರೆಯ ಹೆಣಕ್ಕೆ ಹಚ್ಚಿದರೆ ಉತ್ತರ ತಪ್ಪು ಬರುತ್ತದೆ. ಬೇರೆ ಕೋಷ್ಟಕವನ್ನು ನಾವೇ ಕಟ್ಟಿಕೊಳ್ಳಬೇಕು.

ಅದಕ್ಕೆ ನಮ್ಮಲ್ಲಿ ಸಾಮಗ್ರಿ ಇಲ್ಲದಿಲ್ಲ. ಹೆಳವರನ್ನು ನೆನೆಯಿರಿ. ಸುಗ್ಗಿ ಮುಗಿದ ಮೇಲೆ ಎತ್ತು ಹೂಡಿಕೊಂಡೋ ಎತ್ತಿನ ಮೇಲೆ ಕೂತೋ ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷ ಯಾರು, ಎಲ್ಲಿಂದ ಬಂದ, ಅವನ ಮಕ್ಕಳಾರು, ಯಾವ ಮಗ ಯಾವ ಊರಿಗೆ ಒಡೆದು ಹೋದ ಎಂದು ತಲೆತಲಾಂತರದ ಹೆಸರನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಕಡಿ ಪಡೆದು ಹೋಗುವವರು. ಓಲೆಗರಿ, ತಾಮ್ರದ ತಗಡಿನ ಕಾಲದಿಂದ ಇಂದಿನ ನೋಟ್‌ಬುಕ್ಕಿನ ತನಕ ಒಬ್ಬೊಬ್ಬ ಹೆಳವನ ಬಳಿ ನೂರಾರು ಮನೆಗಳ ವಂಶಾವಳಿ ಇರುತ್ತದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲೂ ಬೇಕು. ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಸಿಗುವ ಮೊದಲು ಯಾರಾದರೂ ಅವರಿಗೆ ತಕ್ಕ ಸಂಭಾವನೆ ಕೊಟ್ಟು ಪ್ರತಿ ಮಾಡಿಸಿಕೊಳ್ಳಬೇಕು. ಒಹಾಯೋದ ಯುವತಿಗೆ ಹೆಸರು ತಂದ ಅರ್ಧ ಕೆಲಸ ಇಂಥ ಪುಸ್ತಕಗಳದ್ದೇ.

ಕುಲದ ಕಟ್ಟುಗಳೂ ದಾರಿ ತೋರುತ್ತವೆ. ಬಯಲುಸೀಮೆಯಲ್ಲಿ ಬೆಡಗು ಎನ್ನುವ ಕುಲದ ಹೆಸರು ತಂದೆಯಿಂದ ಮಗನಿಗೆ ಬರುತ್ತದೆ. ಡಿಎನ್‌ಎಯಲ್ಲಿ ವೈ ವರ್ಣತಂತು ಹರಿಯುವುದೂ ಅದೇ ದಾರಿಯಲ್ಲಿ. ಅಳಿಯಸಂತಾನದ ತುಳುನಾಡಿನಲ್ಲಿ ಬಂಟರ, ಬಿಲ್ಲವರ ಕುಲವಾದ ‘ಬಳಿ’ ತಾಯಿಯಿಂದ ಬರುತ್ತದೆ, ತಾಯಿಯಿಂದಲೇ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯಂತೆ. ಕೂಳೂರಿನ ಮಣ್ಣಿನಲ್ಲಿರುವವರ ಪೈಕಿ ಅಂಥ ಮನೆಯವರಿದ್ದರೆ, ಹೆತ್ತವರೂ ಮಕ್ಕಳೂ ಇಲ್ಲದಿದ್ದರೂ ಒಂದೇ ಅಜ್ಜಿಯ ಹೆಣ್ಣುಸಂತತಿಯ ಯಾವ ಹೆಂಗಸಿನ ರಕ್ತವಾದರೂ ಒಂದು ಸುಳಿವು ಕೊಟ್ಟೀತು.

ಆ ತಾಯಿಯ ಎಳೆಯೊಂದನ್ನೇ ಹಿಡಿದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎರಡು ಉದಾಹರಣೆ ನಮ್ಮ ದೇಶದಲ್ಲೇ ಇವೆ. 1624ರಲ್ಲಿ ಇರಾನಿನ ಶಿರಾಜಿನಲ್ಲಿ ಚಿತ್ರಹಿಂಸೆಗೆ ಬಲಿಯಾದ ಜಾರ್ಜಿಯದ ರಾಣಿ ಕೆಟೆವಾನಳ ಅಸ್ಥಿಯನ್ನು ಅಗಸ್ಟೀನ್ ಪಂಥದ ಪಾದ್ರಿಗಳು ಗೋವೆಗೆ ತಂದಿದ್ದರು. ಹಳೆ ಗೋವೆಯ ಪಾಳುಬಿದ್ದ ಅವರ ಚರ್ಚಿನಲ್ಲಿ ಪುರಾತತ್ತ್ವ ಇಲಾಖೆಗೆ ಸಿಕ್ಕ ಮೂಳೆಯ ಮೈಟೊಕಾಂಡ್ರಿಯದಲ್ಲಿ ಭಾರತೀಯರಲ್ಲಿ ಕಾಣದ, ಜಾರ್ಜಿಯದವರಲ್ಲಿ ಕಾಣುವ ಗುರುತನ್ನು ಸಿಸಿಎಂಬಿಯವರು ಪತ್ತೆಮಾಡಿದರು. 2021ರಲ್ಲಿ ಭಾರತ ಆ ಅಸ್ಥಿಯನ್ನು ಜಾರ್ಜಿಯಕ್ಕೆ ಒಪ್ಪಿಸಿತು. ಅವಳು ಅಲ್ಲಿದ್ದಾಳೆಂದು ಹಳೆಯ ದಾಖಲೆಗಳು ಮೊದಲೇ ಹೇಳಿದ್ದರಿಂದ ಹೆಸರು ಕೂಡಿಬಂತು. ಪಂಜಾಬಿನ ಅಜ್ನಾಲದಲ್ಲಿ ಹಾಗಾಗಲಿಲ್ಲ. ಅಲ್ಲಿ ಬಾವಿಯೊಂದರಿಂದ 2014ರಲ್ಲಿ ಹೊರತೆಗೆದ ಮೂಳೆಗಳು 1857ರಲ್ಲಿ ಬ್ರಿಟಿಷರು ಕೊಂದು ತುಂಬಿದ 282 ಸಿಪಾಯಿಗಳವು ಎಂದು ಪ್ರತೀತಿಯಿತ್ತು. ಪಂಜಾಬಿನವರಲ್ಲ, ಗಂಗಾ ಬಯಲಿನವರು ಎಂದು 2022ರ ಸಂಶೋಧನೆ ಡಿಎನ್‌ಎಯಿಂದಲೂ ಹಲ್ಲಿನ ರಾಸಾಯನಿಕಗಳಿಂದಲೂ ತೋರಿಸಿತು. ಸೀಮೆ ಸಿಕ್ಕಿತು. ಒಬ್ಬನ ಹೆಸರೂ ಸಿಗಲಿಲ್ಲ. ಅವರನ್ನು ಕೇಳಿಕೊಂಡು ಬಂದು ರಕ್ತ ಕೊಡುವ ಮರಿಮಕ್ಕಳು ಇನ್ನೂ ಯಾರೂ ಇಲ್ಲ.

  

ಮಂಗಳೂರಿನ ಪಾಠ ಅಹಮದಾಬಾದಿಗೆ ಬಂತು ಎಂದು ಹೇಳಬಹುದು. 2025ರ ಜೂನ್ 12ರಂದು ಅಲ್ಲಿ ಏರ್ ಇಂಡಿಯಾದ 171ನೆಯ ವಿಮಾನ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತರು. ಮುಖ ಗುರುತು ಸಿಗುವ ಕೆಲವರನ್ನು ಬಿಟ್ಟರೆ, ಡಿಎನ್‌ಎ ಹೊಂದುವ ತನಕ ದೇಹ ಕೊಡುವುದಿಲ್ಲವೆಂದು ಆಡಳಿತ ಗಟ್ಟಿಯಾಗಿ ನಿಂತಿತು. ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾನಿಯವರ ದೇಹಕ್ಕೂ ಮೂರು ದಿನ ಕಾಯಬೇಕಾಯಿತು. ಹದಿನೈದು ದಿನ ದಾಟಿದ ಮೇಲೆ ಕೊನೆಯ ದೇಹಕ್ಕೂ ಹೆಸರು ಬಂತು. ಅಷ್ಟಾದರೂ ತಮಗೆ ಬಂದ ಪೆಟ್ಟಿಗೆಯಲ್ಲಿ ಬೇರೆಯವರ ಅವಶೇಷವಿತ್ತೆಂದು ಕೆಲವು ಬ್ರಿಟಿಷ್ ಕುಟುಂಬಗಳ ವಕೀಲರು ದೂರಿದರು. ಆ ಹದಿನೈದು ದಿನ ಕಾದ ತಾಯಂದಿರ ಸಂಕಟ ಸಣ್ಣದಲ್ಲ. ಆದರೂ ಕಾಯಿಸಿದ್ದೇ ಸರಿ ಎಂದು ನಾನು ನಂಬುತ್ತೇನೆ.

ಕಾನೂನಿನ ಕಥೆ ಚಿಕ್ಕದು. ಕಾಣೆಯಾದವರ ಮನೆಯವರ ಡಿಎನ್‌ಎ ಒಂದು ಕಡೆ, ಗುರುತಿಲ್ಲದ ಹೆಣಗಳ ಡಿಎನ್‌ಎ ಇನ್ನೊಂದು ಕಡೆ ಇಟ್ಟು ಹೋಲಿಸುವ ಸಂಗ್ರಹಕ್ಕೆ ಅವಕಾಶ ಕೊಡುವ ಮಸೂದೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿತು. ಆರೋಪಿಗಳ, ವಿಚಾರಣಾಧೀನರ ಡಿಎನ್‌ಎಯನ್ನೂ ಅದೇ ಮಸೂದೆಯಲ್ಲಿ ಸೇರಿಸಿದ್ದರಿಂದ ದೊಡ್ಡ ತಕರಾರು ಎದ್ದಿತು. ತಕರಾರಿನಲ್ಲಿ ಹುರುಳಿತ್ತು. ಒಬ್ಬನ ರಕ್ತ ಅವನೊಬ್ಬನದಲ್ಲ, ಅವನ ಅಣ್ಣತಮ್ಮಂದಿರ, ಇನ್ನೂ ಹುಟ್ಟದ ಮೊಮ್ಮಕ್ಕಳ ಗುಟ್ಟೂ ಅದರಲ್ಲಿರುತ್ತದೆ. ನಮ್ಮ ದೇಶದಲ್ಲಿ ಅದು ಜಾತಿಯ ಗುಟ್ಟೂ ಹೌದು. 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ಹಿಂದಕ್ಕೆ ಪಡೆಯಿತು. ಕಳ್ಳರನ್ನು ಹಿಡಿಯುವ ಪಟ್ಟಿಯಿಂದ ಕಾಣೆಯಾದವರ ಪಟ್ಟಿಯನ್ನು ಬೇರ್ಪಡಿಸಿ, ಮನೆಯವರು ತಾವಾಗಿ ಬಂದು ಕೊಟ್ಟ ರಕ್ತವನ್ನು ಹೆಣ ಗುರುತಿಸುವುದಕ್ಕೆ ಮಾತ್ರ ಬಳಸಬೇಕೆಂದು ಬರೆದು ಹೊಸದನ್ನು ತರಬಹುದಿತ್ತು. ಅರಸೀಕೆರೆಯ ಹಳಿಯ ಮೇಲೆ ಸಿಕ್ಕವನ ಒಂದು ಹಲ್ಲನ್ನು ಹೂಳುವ ಮೊದಲು ಎತ್ತಿಡುವುದು, ಮಗ ಕಾಣೆಯಾದನೆಂದು ದೂರು ಕೊಟ್ಟ ತಾಯಿಯ ಎರಡು ಹನಿ ರಕ್ತವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ಕೂಳೂರಿನ ಹನ್ನೆರಡು ಮಂದಿಯ ವಿಷಯ ಇದಕ್ಕಿಂತ ಕಠಿಣ. ತಂತ್ರದ ಮಟ್ಟಿಗೆ ಅಡ್ಡಿ ಕಡಿಮೆ. ಇಂದಿನ ವಿಧಾನ ಹಳೆಯ ಮೂಳೆಯಿಂದಲೂ, ದೂರದ ನೆಂಟರ ರಕ್ತದಿಂದಲೂ ಕೆಲಸ ತೆಗೆಯುತ್ತದೆ. ಹುಡುಕಬೇಕಾದ ಪಟ್ಟಿಯೂ 158 ಹೆಸರುಗಳೊಳಗಿನದೇ. ಆದರೆ ಆ ಹನ್ನೆರಡು ಮಂದಿಯಲ್ಲಿ ಒಬ್ಬನ ಹೆಸರು ಸಿಕ್ಕಿತೆಂದರೆ, ಅವನ ಹೆಸರಿನಲ್ಲಿ ಬೇರೆ ಕಡೆ ಇರುವ ಗೋರಿ ಅವನದಲ್ಲವೆಂದಾಗುತ್ತದೆ. ಹದಿನೈದು ವರ್ಷ ಹೂವಿಟ್ಟು, ಫಾತಿಹಾ ಓದಿ, ಎಡೆಯಿಟ್ಟು, ಮೇಣದ ಬತ್ತಿ ಹಚ್ಚಿಕೊಂಡು ಬಂದ ಮನೆಗೆ ಹೋಗಿ ಆ ಮಾತು ಹೇಳುವವರು ಯಾರು? ಕೇಳದೆ ಇರುವವರ ಬಳಿ ಹೋಗಿ ಹೇಳುವ ಹಕ್ಕು ಸರ್ಕಾರಕ್ಕಾಗಲಿ ವಿಜ್ಞಾನಿಗಾಗಲಿ ಇಲ್ಲ ಎಂದೇ ನನಗೆ ತೋರುತ್ತದೆ. ಕೇಳುವವರು ಬಂದರೆ ಮಾತು ಬೇರೆ. ರಕ್ತ ಕೊಟ್ಟೂ ದೇಹ ಸಿಗದೆ ಹೋದ ಮನೆಗಳಲ್ಲಿ ಅಂದು ಐದಾರು ವರ್ಷದ ಮಕ್ಕಳಾಗಿದ್ದವರಿಗೆ ಈಗ ಇಪ್ಪತ್ತು ದಾಟಿದೆ. ಅಪ್ಪನನ್ನು ಎಲ್ಲಿ ಮಲಗಿಸಿದ್ದಾರೆ ಎಂದು ಅವರಲ್ಲೊಬ್ಬರು ತಿಳಿಯಬಯಸಿದರೆ, ಯಾವ ಕಚೇರಿಗೆ ಅರ್ಜಿ ಕೊಡಬೇಕು, ಯಾರ ರಕ್ತವನ್ನು ಯಾರ ಒಪ್ಪಿಗೆಯ ಮೇಲೆ ತೆಗೆಯಬೇಕು ಎಂದು ಹೇಳುವ ಕಾನೂನು ಇವತ್ತಿಗೂ ನಮ್ಮಲ್ಲಿಲ್ಲ. ಅವರಿಗಿರುವ ದಾರಿ ನ್ಯಾಯಾಲಯವೊಂದೇ.